ತಂದೆಯವರ ಕೆನ್ನೆಯೊಳಗಿನ ಬಿಳಿ ಮಚ್ಚೆ ಮತ್ತು ಎಲೆಅಡಿಕೆ

ಹೊಗೆಸೊಪ್ಪು ಬಿಟ್ಟಿರುವ ನಿಮ್ಮ ತಂದೆಯವರ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಿದೆ ಎಂದು ಬರೆದು ಕಾರಣ ಕೇಳಿದ್ದೀರಿ. ಉಜ್ಜಿದರೂ ಹೋಗದ ಆ ಬಿಳಿ ಮಚ್ಚೆಗೆ ಬಹುಮಟ್ಟಿಗೆ ಕಾರಣ, ನಿಮ್ಮ ತಂದೆಯವರು ಅದೇ ಕೆನ್ನೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಂಡಿದ್ದ ಎಲೆಅಡಿಕೆ ಮತ್ತು ಹೊಗೆಸೊಪ್ಪು. ಇದು ಲ್ಯುಕೋಪ್ಲೇಕಿಯಾ, ಅಂದರೆ ಬಾಯೊಳಗೆ ಮೂಡುವ, ಉಜ್ಜಿದರೂ ಹೋಗದ ಬಿಳಿ ಮಚ್ಚೆ ಇರಬಹುದು. ಅದು ಕ್ಯಾನ್ಸರ್ ಅಲ್ಲ. ಆದರೆ ಇಂಥವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ, ಯಾವುದೆಂದು ಬರಿಗಣ್ಣಿನಿಂದ ಯಾರೂ ಖಚಿತವಾಗಿ ಹೇಳಲಾರರು.

ಹೊಗೆಸೊಪ್ಪು ಬಿಟ್ಟ ಮೇಲೂ ಅಪಾಯವೇಕೆ ಎಂದೂ ಕೇಳಿದ್ದೀರಿ. ತಂಬಾಕಿನಲ್ಲಿರುವ ನೈಟ್ರೋಸಮೈನುಗಳೆಂಬ ರಾಸಾಯನಿಕಗಳು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ. ಬಹುಪಾಲು ಹಾನಿಯನ್ನು ಕೋಶವೇ ಸರಿಪಡಿಸಿಕೊಳ್ಳುತ್ತದೆ, ಆಗದಿದ್ದರೆ ಸಾಯುತ್ತದೆ. ಆದರೆ ಈ ಕಾವಲು ಕಾಯುವ ಪಿ53ರಂತಹ ಜೀನುಗಳೇ ಕೆಟ್ಟರೆ ಕೋಶವು ಹತೋಟಿ ತಪ್ಪಿ ವಿಭಜಿಸುತ್ತ, ವರ್ಷಗಳ ಕಾಲ ಹೊಸ ಹೊಸ ದೋಷಗಳನ್ನು ಕೂಡಿಸಿಕೊಳ್ಳುತ್ತದೆ. ಅಲ್ಲದೆ ಅವರು ಇನ್ನೂ ಅಡಿಕೆ ಹಾಕುತ್ತಿದ್ದಾರೆ. ಅಡಿಕೆ ಬೆಳೆಯುವ ನಮ್ಮಂಥ ಮನೆಗಳಿಗೆ ಒಪ್ಪಲು ಕಷ್ಟವಾದರೂ, ತಂಬಾಕಿಲ್ಲದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಪ್ರಕಟಿಸಿದೆ.

ಮೊದಲು ಅಡಿಕೆಯನ್ನು ಇಂದೇ ಪೂರ್ತಿ ನಿಲ್ಲಿಸಿ. ನಂತರ ಈ ವಾರದೊಳಗೆ ಹತ್ತಿರದ ಡೆಂಟಲ್ ಕಾಲೇಜಿಗೋ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಕರೆದೊಯ್ದು, ಬಯಾಪ್ಸಿ (ಸಣ್ಣ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ) ಬೇಕೇ ಎಂದು ನೀವೇ ಕೇಳಿ. ನಮ್ಮ ದೊಡ್ಡಪ್ಪನಿಗೆ ಮಾಡಿದಾಗ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿನಷ್ಟು ತುಣುಕು ತೆಗೆದು, ಹೊಲಿಗೆ ಹಾಕಿ ಅಂದೇ ಮನೆಗೆ ಕಳುಹಿಸಿದರು. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆಂಬ ನೆಂಟರ ಮಾತಿಗೆ ದಯವಿಟ್ಟು ಹೆದರಬೇಡಿ. ವರದಿಯಲ್ಲಿ ಡಿಸ್‌ಪ್ಲೇಸಿಯಾ (ಕೋಶಗಳು ಸಹಜವಲ್ಲದ ರೂಪಕ್ಕೆ ತಿರುಗಿರುವುದು) ಎಂದಿದ್ದರೆ ಅದು ಯಾವ ಹಂತದ್ದೆಂದು, ಮಚ್ಚೆಯನ್ನು ತೆಗೆಸಬೇಕೇ ಎಂದು ವಿಚಾರಿಸಿ. ಮಚ್ಚೆಯಲ್ಲಿ ಕೆಂಪು ಬಣ್ಣ ಅಥವಾ ಗಟ್ಟಿತನ, ಎರಡು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇವುಗಳಲ್ಲಿ ಒಂದು ಕಂಡರೂ ವಾರ ಕಾಯದೆ ನಾಳೆಯೇ ಹೊರಡಿ.