ಲುವೊಯಾಂಗ್‌ನ ‘ಯಾಂಗ್’ ಅಂದರೆ ಊರು ಅಂತಲ್ಲ

ಚೀನಾದ ಊರುಗಳಾದ ಲುವೊಯಾಂಗ್, ಶೆನ್ಯಾಂಗ್, ಗುಯಿಯಾಂಗ್ ಎಲ್ಲದರ ಕೊನೆಗೂ ‘ಯಾಂಗ್’ ಇದೆಯಲ್ಲ, ಅದು ನಮ್ಮ ‘ಪುರ’ದ ಹಾಗೆಯೇ ಅಂತ ಕೇಳಿದ್ದೀರಿ. ಅಲ್ಲ. ಯಿನ್-ಯಾಂಗ್ ಅಂತೀವಲ್ಲ, ಅದೇ ಯಾಂಗ್: ಬಿಸಿಲು ಬೀಳುವ ಕಡೆ. ಅಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಬೆಟ್ಟಕ್ಕಾದರೆ ದಕ್ಷಿಣದ ಇಳಿಜಾರು ಯಾಂಗ್. ನದಿಗಾದರೆ ಉಲ್ಟಾ, ಉತ್ತರ ದಂಡೆ. ಯಾಕೆಂದರೆ ಆ ದಂಡೆಯ ನೆಲ ನೀರಿನ ಕಡೆಗೆ, ಅಂದರೆ ದಕ್ಷಿಣಕ್ಕೆ ಮುಖ ಮಾಡಿ ಇಳಿಯುತ್ತದೆ. ಲುವೊ ನದಿಯ ಉತ್ತರಕ್ಕಿದ್ದ ಊರು ಲುವೊಯಾಂಗ್. ಗುಯಿಯಾಂಗ್ ಗುಯಿ ಬೆಟ್ಟದ ದಕ್ಷಿಣಕ್ಕೆ. ಹುವಾ ಪರ್ವತದ ಉತ್ತರದಲ್ಲಿರುವ ಹುವಾಯಿನ್ ಯಿನ್, ಅಂದರೆ ನೆರಳಿನ ಕಡೆಯದು.

ನನಗೆ ಇದಕ್ಕಿಂತ ಮಜಾ ಅನ್ನಿಸುವುದು ‘ಲುವೊ’ ಕಥೆ. ಕ್ರಿ.ಶ. 25ರಲ್ಲಿ ಪೂರ್ವ ಹಾನ್ ವಂಶದ ಅರಸರು ಲುವೊಯಾಂಗನ್ನು ರಾಜಧಾನಿ ಮಾಡಿಕೊಂಡರು. ಪ್ರತಿ ರಾಜವಂಶಕ್ಕೂ ಬೆಂಕಿ, ಮಣ್ಣು, ನೀರಿನಂಥ ಒಂದು ತತ್ತ್ವ ಇರುತ್ತದೆ, ತಮ್ಮ ವಂಶದ್ದು ಅಗ್ನಿತತ್ತ್ವ ಅಂತ ಅವರ ನಂಬಿಕೆ. ಆದರೆ ಲುವೊ ಅಕ್ಷರದ ಎಡಕ್ಕೆ ನೀರನ್ನು ಸೂಚಿಸುವ ಮೂರು ಹನಿ! ಬೆಂಕಿಗೆ ನೀರು ಆಗಿಬರುತ್ತದೆಯೇ? ಅದನ್ನು ಬಿಟ್ಟು, ಹಕ್ಕಿಯ ಚಿಹ್ನೆಯಿರುವ, ಅದೇ ಉಚ್ಚಾರದ ಬೇರೆ ಅಕ್ಷರ ಬರೆದರಂತೆ. 220ರಲ್ಲಿ ಪಟ್ಟಕ್ಕೆ ಬಂದ ವೇಯ್ ವಂಶದ ತ್ಸಾವೊ ಪಿ, ತಮ್ಮದು ಮಣ್ಣಿನ ತತ್ತ್ವ, ಮಣ್ಣು ಮೆತ್ತಗಾಗಲು ನೀರು ಬೇಕು ಅಂತ ಹಳೆಯ ಅಕ್ಷರವನ್ನೇ ವಾಪಸ್ ತಂದ.

ನಕ್ಷೆ ನೋಡಿ ಗೊಂದಲ ಮಾಡಿಕೊಳ್ಳಬೇಡಿ. ನದಿ ಆಮೇಲೆ ಪಾತ್ರ ಬದಲಿಸಿ ಹಾನ್ ಕಾಲದ ನಗರದ ದಕ್ಷಿಣದ ಕೋಟೆಗೋಡೆಯನ್ನೇ ಕೊಚ್ಚಿಕೊಂಡು ಹೋಗಿದೆ. ಈಗಿನ ನಗರವಂತೂ ಎರಡೂ ದಂಡೆಗೆ ಹಬ್ಬಿದೆ.