ಸೊಂಟದ ಮೂಳೆ ಮುರಿತ: ಕೊರಿಯಾದ ಅಧ್ಯಯನಗಳನ್ನು ಎಷ್ಟು ನಂಬಬೇಕು?

ನಿಮ್ಮ ಪ್ರಶ್ನೆ ಓದಿದೆ. 74 ವರ್ಷದ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಹತ್ತಿರ ಮೂಳೆ ಮುರಿದುಕೊಂಡಿದ್ದಾರೆ. ಎರಡು ದಿನ ತಡವಾಗಿ ಆಪರೇಷನ್ ಆಗಿದೆ, ಈಗ ಮೂರು ವಾರ. ನೀವು ರಾತ್ರಿ ನಿದ್ದೆಗೆಟ್ಟು ಇಂಟರ್ನೆಟ್‌ನಲ್ಲಿ ಹುಡುಕಿದರೆ ಸಿಗುವುದೆಲ್ಲ ಕೊರಿಯಾದ ಅಧ್ಯಯನ. ಅದರಲ್ಲೊಂದು, ಹೀಗೆ ಮುರಿದವರಲ್ಲಿ ಆರಕ್ಕೆ ಒಬ್ಬರು ವರ್ಷದೊಳಗೆ ತೀರಿಕೊಳ್ಳುತ್ತಾರೆ ಅನ್ನುತ್ತದೆ. ಎಲ್ಲಾ ಕೊರಿಯಾದ್ದೇ ಯಾಕೆ, ಅದು ನಮ್ಮಮ್ಮನಿಗೂ ಅನ್ವಯಿಸುತ್ತಾ ಅಂತ ಕೇಳಿದ್ದೀರಿ.

ನಾನು ಡಾಕ್ಟರ್ ಅಲ್ಲ, ಅಂಕಿಅಂಶದವನು. ಸಿಯೋಲ್‌ನಲ್ಲಿ ಮೂರು ವರ್ಷ ಇಂಥದೇ ಡೇಟಾ ತೊಳೆದು ಒಣಗಿಸುವ ಕೆಲಸ ಮಾಡಿದ್ದೇನೆ. ಆ ಸಂಖ್ಯೆ ಯಾವ ಅಡುಗೆಮನೆಯಲ್ಲಿ ಬೆಂದು ಬರುತ್ತದೆ ಅನ್ನುವುದನ್ನು ಹೇಳಬಲ್ಲೆ. ಅಮ್ಮನ ಕಾಲಿಗೆ ಏನು ಮಾಡಬೇಕು ಅನ್ನುವುದನ್ನು ಅವರ ಸರ್ಜನ್ ಹೇಳಬೇಕು.

ನಾನು ಅಲ್ಲಿ ಮೊದಲು ಕೈ ಹಾಕಿದ ಡೇಟಾದಲ್ಲಿ ಒಬ್ಬ ಅಜ್ಜಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ಸೊಂಟ ಮುರಿದಿತ್ತು. ಅಯ್ಯೋ ಪಾಪ ಅಂದುಕೊಂಡೆ. ಹಾಗೆಯೇ ಕೋಷ್ಟಕಕ್ಕೂ ಸೇರಿಸಿಬಿಟ್ಟೆ. ಪಕ್ಕದ ಮೇಜಿನವಳು ನನ್ನ ಪರದೆ ನೋಡಿ ನಕ್ಕಳು. ಅಜ್ಜಿಗೆ ಮುರಿದದ್ದು ಒಂದೇ ಸಲ. ಆಪರೇಷನ್ ಆದ ಆಸ್ಪತ್ರೆಯ ಬಿಲ್ಲು ಒಂದು. ತಿಂಗಳು ಮುಗಿದಿದ್ದರಿಂದ ಅದೇ ದಾಖಲಾತಿಗೆ ಇನ್ನೊಂದು ಬಿಲ್ಲು. ಆಮೇಲೆ ಅವರನ್ನು ಯೊಯಾಂಗ್ ಬ್ಯೊಂಗ್ವೊನ್‌ಗೆ ಸಾಗಿಸಿದ್ದರು, ಅಂದರೆ ವಯಸ್ಸಾದವರು ತಿಂಗಳುಗಟ್ಟಲೆ ಇರುವ ಆರೈಕೆ ಆಸ್ಪತ್ರೆ. ಅಲ್ಲಿಂದ ಮತ್ತೆರಡು. ನಾಲ್ಕು ಬಿಲ್ಲಿನಲ್ಲೂ ಅದೇ ರೋಗದ ಕೋಡ್, ಎಸ್ 72.1, ಅಂದರೆ ಸೊಂಟದ ಹತ್ತಿರ ತೊಡೆಮೂಳೆ ಮುರಿತ. ನಾನು ಮೂಳೆ ಎಣಿಸುತ್ತಿದ್ದೇನೆ ಅಂದುಕೊಂಡಿದ್ದೆ, ಎಣಿಸುತ್ತಿದ್ದದ್ದು ಬಿಲ್ಲು.

ನೀವು ಓದಿದ ಬಹುಪಾಲು ಅಧ್ಯಯನಗಳು ಇಂಥ ಬಿಲ್ಲುಗಳಿಂದಲೇ ಹುಟ್ಟಿದವು. ಕೊರಿಯಾದಲ್ಲಿ ಆರೋಗ್ಯ ವಿಮೆ 1977ರಲ್ಲಿ ದೊಡ್ಡ ಕಾರ್ಖಾನೆಗಳ ನೌಕರರಿಂದ ಶುರುವಾಯಿತು. 1989ಕ್ಕೆ ಇಡೀ ದೇಶಕ್ಕೆ ಹಬ್ಬಿತು. 2000ದಲ್ಲಿ ಇದ್ದಬದ್ದ ವಿಮಾ ಸಂಘಗಳನ್ನೆಲ್ಲ ಸೇರಿಸಿ ಒಂದೇ ಸಂಸ್ಥೆ ಮಾಡಿದರು. ಬಿಲ್ಲುಗಳನ್ನು ಪರಿಶೀಲಿಸಲು ಬೇರೊಂದು ಸಂಸ್ಥೆ. ಎರಡರ ಕೇಂದ್ರ ಕಚೇರಿಯೂ ವೊಂಜು ಅನ್ನುವ ಊರಿನಲ್ಲಿದೆ. ಐದು ಕೋಟಿ ಚಿಲ್ಲರೆ ಜನ, ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ. ಎಲ್ಲರಿಗೂ 13 ಅಂಕಿಯ ನಿವಾಸಿ ಸಂಖ್ಯೆ. ಅದನ್ನು ಮರೆಮಾಚಿ ಬೇರೆ ಗುರುತು ಹಾಕಿ ಸಂಶೋಧಕರಿಗೆ ಕೊಡುತ್ತಾರೆ. ಯಾವ ಊರಲ್ಲಿ ಮುರಿದರೂ, ಯಾವ ಆಸ್ಪತ್ರೆಗೆ ಹೋದರೂ, ಕೊನೆಗೆ ಯಾವತ್ತು ತೀರಿಕೊಂಡರೂ ಒಂದೇ ದಾರಕ್ಕೆ ಪೋಣಿಸಬಹುದು. ಎರಡು ವರ್ಷಕ್ಕೊಮ್ಮೆ ನಡೆಯುವ ತಪಾಸಣೆಯ ಬಿಪಿ, ಸಕ್ಕರೆ, ತೂಕ, ಸಿಗರೇಟು, ಕುಡಿತದ ವಿವರಗಳೂ ಸೇರಿಕೊಳ್ಳುತ್ತವೆ. 54, 60 ಮತ್ತು 66ನೇ ವಯಸ್ಸಿನಲ್ಲಿ ಹೆಂಗಸರಿಗೆ ಮೂಳೆ ಸಾಂದ್ರತೆಯ ಪರೀಕ್ಷೆಯೂ ಇದೆ.

ನಮ್ಮಲ್ಲಿ ಹೀಗೆ ಒಂದೇ ಕಡೆ ಸೇರುವ ಬಿಲ್ಲು ಇಲ್ಲ. ಒಬ್ಬರು ಸರ್ಕಾರಿ ಆಸ್ಪತ್ರೆಗೆ, ಇನ್ನೊಬ್ಬರು ನರ್ಸಿಂಗ್ ಹೋಮಿಗೆ, ಮತ್ತೊಬ್ಬರು ಮೂಳೆ ಕಟ್ಟುವ ನಾಟಿ ವೈದ್ಯರ ಹತ್ತಿರ. ನಿಮಗೆ ಬರೀ ಕೊರಿಯಾ ಸಿಕ್ಕಿದ್ದಕ್ಕೆ ಇದೇ ಕಾರಣ. ಅಲ್ಲಿನ ಮೂಳೆ ಜಾಸ್ತಿ ಮುರಿಯುತ್ತದೆ ಅಂತಲ್ಲ, ಲೆಕ್ಕ ಜಾಸ್ತಿ ಸಿಗುತ್ತದೆ.

ಬಿಲ್ಲಿನಲ್ಲಿ ಬರೆದದ್ದನ್ನು ನಂಬಬಹುದು. ಯಾಕೆಂದರೆ ಅದಕ್ಕೆ ದುಡ್ಡು ಕೊಡುವವರಿದ್ದಾರೆ, ಪರಿಶೀಲಿಸುವವರೂ ಇದ್ದಾರೆ. ಸೊಂಟದ ಆಪರೇಷನ್ ಆಯಿತೋ ಇಲ್ಲವೋ ಅನ್ನುವುದು ತಪ್ಪುವುದು ಕಡಿಮೆ. ಸಾವಿನ ತಾರೀಖೂ ಅಷ್ಟೇ. ಆದರೆ ಬಿಲ್ಲಿಗೆ ಬೇಡದ್ದು ಅಲ್ಲಿ ಇರುವುದಿಲ್ಲ. ಎಡಗಾಲೋ ಬಲಗಾಲೋ? ಇಲ್ಲ! ಆ ಕೋಡ್ ಪದ್ಧತಿಯಲ್ಲಿ ಎಡಬಲ ಇಲ್ಲ. ಅದಕ್ಕೇ ಅದೇ ವ್ಯಕ್ತಿಗೆ ಎಂಟು ತಿಂಗಳ ನಂತರ ಇನ್ನೊಂದು ಬಿಲ್ಲು ಬಂದರೆ, ಇನ್ನೊಂದು ಕಾಲು ಮುರಿದದ್ದೋ, ಹಳೇ ಆಪರೇಷನ್ ಕೆಟ್ಟು ಮತ್ತೆ ಮಾಡಿದ್ದೋ ಅಂತ ಆಪರೇಷನ್ ಕೋಡ್ ನೋಡಿ ಊಹಿಸಬೇಕು. ಇಂತಿಷ್ಟು ತಿಂಗಳು ಅಂತರ ಇದ್ದರೆ ಮಾತ್ರ ಹೊಸ ಮುರಿತ ಅಂತ ನಾವೇ ಒಂದು ಗೆರೆ ಎಳೆಯುತ್ತಿದ್ದೆವು. ಎಕ್ಸ್‌ರೇ ಇಲ್ಲ. ಹೇಗೆ ಬಿದ್ದರು ಅಂತಿಲ್ಲ. ಬೀಳುವ ಮೊದಲು ತಾವೇ ಎದ್ದು ಓಡಾಡುತ್ತಿದ್ದರಾ, ಹಾಸಿಗೆ ಹಿಡಿದಿದ್ದರಾ? ಅದಂತೂ ಇಲ್ಲವೇ ಇಲ್ಲ. ನಿಮ್ಮಮ್ಮನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಅದೇ.

ಈಗ ಆ ಆರಕ್ಕೆ ಒಬ್ಬರು. ಸಂಖ್ಯೆ ಸುಳ್ಳಲ್ಲ. ಕೊರಿಯಾದ ದೇಶವ್ಯಾಪಿ ಲೆಕ್ಕಗಳಲ್ಲಿ ಸೊಂಟ ಮುರಿದ ಹಿರಿಯರಲ್ಲಿ ಒಂದು ವರ್ಷದ ಸಾವು ಶೇಕಡ 15ರಿಂದ 20ರ ನಡುವೆ ಓಡಾಡುತ್ತದೆ. ಗಂಡಸರಲ್ಲಿ ಜಾಸ್ತಿ, ಹೆಂಗಸರಲ್ಲಿ ಕಡಿಮೆ. ಆದರೆ ಆ ಗುಂಪಿನಲ್ಲಿ ಯಾರ್ಯಾರಿದ್ದಾರೆ ನೋಡಿ. ಸರಾಸರಿ ವಯಸ್ಸು 80ರ ಆಸುಪಾಸು. 92 ವರ್ಷದವರು ಇದ್ದಾರೆ. ಆರೈಕೆ ಆಸ್ಪತ್ರೆಯಲ್ಲೇ ಮಂಚದಿಂದ ಬಿದ್ದವರಿದ್ದಾರೆ, ಪಾರ್ಶ್ವವಾಯು ಆದವರಿದ್ದಾರೆ, ಡಯಾಲಿಸಿಸ್‌ನಲ್ಲಿ ಇರುವವರಿದ್ದಾರೆ. ಬೆಳಿಗ್ಗೆ ಎದ್ದು ತಾವೇ ಕಾಫಿ ಮಾಡಿಕೊಳ್ಳುತ್ತಿದ್ದ 74ರ ಹೆಂಗಸನ್ನು ಆ ಗುಂಪಿನ ಮಧ್ಯೆ ನಿಲ್ಲಿಸಿ ಆರರಿಂದ ಭಾಗಿಸುವುದು ಸರಿಯಲ್ಲ. ಅಪಾಯ ಇಲ್ಲ ಅಂತ ಹೇಳುತ್ತಿಲ್ಲ. ಮೊದಲ ಮೂರು ತಿಂಗಳು ನಿಜಕ್ಕೂ ಜೋಪಾನದ ಕಾಲ, ಯಾವ ದೇಶದ ಲೆಕ್ಕ ತೆಗೆದರೂ ಸಾವಿನ ಗೆರೆ ಮೇಲೇಳುವುದು ಅಲ್ಲೇ. ಮುರಿದ ಮೂಳೆ ತಾನೇ ಕೊಲ್ಲುವುದು ಅಪರೂಪ. ಮಲಗಿದಲ್ಲೇ ಬರುವ ನ್ಯುಮೋನಿಯಾ, ಕಾಲಿನಲ್ಲಿ ಕಟ್ಟುವ ರಕ್ತ, ಬೆನ್ನಿನ ಹುಣ್ಣು, ಮೂತ್ರದ ಸೋಂಕು, ಊಟ ಸೇರದೆ ಸೊರಗುವುದು, ಇವು ಕೊಲ್ಲುತ್ತವೆ.

ಎರಡು ದಿನ ತಡವಾಯಿತು ಅನ್ನುವ ಕೊರಗು ನಿಮಗಿದೆ. ಬಿಲ್ಲಿನ ಲೆಕ್ಕದಲ್ಲಿ ತಡವಾದವರು ಜಾಸ್ತಿ ಸಾಯುತ್ತಾರೆ, ಹೌದು. ಆದರೆ ತಡ ಯಾಕಾಗುತ್ತದೆ? ಹೃದಯ ಸರಿ ಇಲ್ಲ, ರಕ್ತ ತೆಳುವಾಗುವ ಮಾತ್ರೆ ನಿಲ್ಲಿಸಿ ಕಾಯಬೇಕು, ಸಕ್ಕರೆ ಹತೋಟಿಗೆ ಬರಬೇಕು. ಮೊದಲೇ ಕಾಯಿಲೆ ಇದ್ದವರದ್ದೇ ತಡ. ಸಾವಿಗೆ ಕಾರಣ ತಡವೋ ಕಾಯಿಲೆಯೋ ಅಂತ ಬಿಲ್ಲು ಹೇಳಲಾರದು. ಅದಕ್ಕೆ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡುವ ಪ್ರಯೋಗವೇ ಬೇಕು. 'ಹಿಪ್ ಅಟ್ಯಾಕ್' ಅಂತ ಅಂಥದೊಂದು 17 ದೇಶಗಳಲ್ಲಿ ನಡೆದು 2020ರಲ್ಲಿ ಪ್ರಕಟವಾಯಿತು. 2,970 ರೋಗಿಗಳು. ಒಂದು ಗುಂಪಿಗೆ ಸುಮಾರು 6 ಗಂಟೆಯಲ್ಲಿ ಆಪರೇಷನ್, ಇನ್ನೊಂದಕ್ಕೆ ಸುಮಾರು 24 ಗಂಟೆಯಲ್ಲಿ. ಮೂರು ತಿಂಗಳಲ್ಲಿ ಸತ್ತವರು ಶೇಕಡ 9 ಮತ್ತು 10, ಅಂದರೆ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಬೇಗ ಆದವರಲ್ಲಿ ಆಸ್ಪತ್ರೆಯ ಭ್ರಮೆ, ಬಡಬಡಿಕೆ ಕಡಿಮೆ ಇತ್ತು. ಇದು 6 ಮತ್ತು 24ರ ಹೋಲಿಕೆ, ಎರಡು ದಿನದ್ದಲ್ಲ. ಒಂದೆರಡು ದಿನದೊಳಗೆ ಮುಗಿಸಿ ಅಂತಲೇ ವೈದ್ಯರ ಮಾರ್ಗಸೂಚಿಗಳು ಹೇಳುವುದು. ನೀವು ಆ ಅಂಚಿನಲ್ಲಿದ್ದಿರಿ, ಅದನ್ನು ಹಿಡಿದು ಕೊರಗಬೇಡಿ.

ಇನ್ನೊಂದು ಥರದ ಅಧ್ಯಯನದ ಬಗ್ಗೆ ಎಚ್ಚರ. 'ಸೊಂಟ ಮುರಿದ ಮೇಲೆ ಮೂಳೆ ಟೊಳ್ಳಿನ ಮಾತ್ರೆ ತೆಗೆದುಕೊಂಡವರು ಹೆಚ್ಚು ವರ್ಷ ಬದುಕಿದರು' ಅಂತ ಬರುತ್ತದಲ್ಲ, ಅದು. ಆಪರೇಷನ್ ಆಗಿ ಆರು ತಿಂಗಳೊಳಗೆ ಮಾತ್ರೆ ಶುರು ಮಾಡಿದವರು ಒಂದು ಗುಂಪು, ಮಾಡದವರು ಇನ್ನೊಂದು ಅಂದುಕೊಳ್ಳಿ. ಎರಡನೇ ವಾರದಲ್ಲಿ ತೀರಿಕೊಂಡವರು ಯಾವ ಗುಂಪಿಗೆ ಬಂದರು? ಮಾತ್ರೆ ಇಲ್ಲದವರ ಗುಂಪಿಗೆ. ಮಾತ್ರೆಯವರ ಗುಂಪಿಗೆ ಸೇರಬೇಕಾದರೆ ಚೀಟಿ ಬರೆಸಿಕೊಳ್ಳುವ ದಿನದವರೆಗೆ ಬದುಕಿರಲೇಬೇಕು. ಆಟ ಶುರುವಾಗುವ ಮೊದಲೇ ಒಂದು ತಂಡಕ್ಕೆ ಅಂಕ ಕೊಟ್ಟ ಹಾಗೆ. ಒಳ್ಳೆಯ ತಂಡಗಳು ಇದನ್ನು ಸರಿಪಡಿಸಿಯೇ ಲೆಕ್ಕ ಹಾಕುತ್ತವೆ. ಅವಸರದವರು ಹಾಕುವುದಿಲ್ಲ. ಹಾಗಂತ ಮಾತ್ರೆ ಬೇಡ ಅಂತಲ್ಲ. ಅದು ಮತ್ತೊಂದು ಮುರಿತ ತಪ್ಪಿಸುತ್ತದೆ ಅನ್ನುವುದಕ್ಕೆ ಬೇರೆ ಗಟ್ಟಿ ಪುರಾವೆ ಇದೆ.

ಮರೆವಿನ ಕಾಯಿಲೆಯ ಲೆಕ್ಕವೂ ಹೀಗೆಯೇ. ಸೊಂಟ ಮುರಿದವರಲ್ಲಿ ಡಿಮೆನ್ಷಿಯಾ ಜಾಸ್ತಿ ಅಂತ ಬರುತ್ತದೆ. ಕೊರಿಯಾದಲ್ಲಿ ಆ ಕಾಯಿಲೆಯ ಔಷಧಿಗೆ ವಿಮೆ ದುಡ್ಡು ಕೊಡಬೇಕಾದರೆ ನೆನಪಿನ ಪರೀಕ್ಷೆಯ ಅಂಕ ತೋರಿಸಬೇಕು. ಆದ್ದರಿಂದ ಕೋಡ್ ಜೊತೆಗೆ ಔಷಧಿಯೂ ಇದ್ದರೆ ನಾವು ನಂಬುತ್ತಿದ್ದೆವು. ಆದರೂ ಹಿಂದು ಮುಂದಿನ ತಕರಾರು ಬಿಡುವುದಿಲ್ಲ. ಮರೆವು ಶುರುವಾಗಿದ್ದಕ್ಕೇ ಬಿದ್ದರೋ? ಅಥವಾ ಬಿದ್ದು ಆಸ್ಪತ್ರೆ ಸೇರಿದ್ದರಿಂದ, ಮೊದಲೇ ಇದ್ದ ಮರೆವು ಡಾಕ್ಟರ ಕಣ್ಣಿಗೆ ಬಿತ್ತೋ? ಐದು ಕೋಟಿ ಜನರ ಡೇಟಾ ಕೈಯಲ್ಲಿದ್ದರೆ ಯಾವುದಕ್ಕೂ ಯಾವುದಕ್ಕೂ ನಂಟು ಹಾಕಬಹುದು. ಸುಮ್ನೆ ಹೇಳುತ್ತಿಲ್ಲ, ನಾವೇ ಒಂದು ಮಧ್ಯಾಹ್ನ ಬೇಜಾರಿಗೆ ಹಾಕಿ ನೋಡಿದ್ದೆವು!

ಇಷ್ಟು ಹೊತ್ತು ಅನುಮಾನವನ್ನೇ ಹೇಳಿದೆ. ಇನ್ನು ಕೊರಿಯಾದವರಿಂದ ನಾವು ನಿಜಕ್ಕೂ ಕಲಿಯಬೇಕಾದ ವಿಷಯಕ್ಕೆ ಬರುತ್ತೇನೆ. ಅದು ಬಿಲ್ಲಿನಿಂದ ಬಂದದ್ದಲ್ಲ. ಆಸ್ಪತ್ರೆಗಳಲ್ಲಿ ಕೂತು ಒಂದೊಂದೇ ಎಕ್ಸ್‌ರೇ ನೋಡಿ ಬರೆದದ್ದು.

ಮೂಳೆ ಟೊಳ್ಳಾಗದಂತೆ ವಾರಕ್ಕೊಂದು ಮಾತ್ರೆ ಕೊಡುತ್ತಾರಲ್ಲ, ಖಾಲಿ ಹೊಟ್ಟೆಯಲ್ಲಿ ನುಂಗಿ ಅರ್ಧ ಗಂಟೆ ನೆಟ್ಟಗೆ ಕೂರಬೇಕಾದದ್ದು, ಅಲೆಂಡ್ರೊನೇಟ್ ಜಾತಿಯದು. ಅದನ್ನು ಹಲವು ವರ್ಷ ತೆಗೆದುಕೊಂಡವರಲ್ಲಿ ಕೆಲವೇ ಕೆಲವರಿಗೆ ತೊಡೆಮೂಳೆ ವಿಚಿತ್ರವಾಗಿ ಮುರಿಯುತ್ತದೆ. ಬೀಳುವುದೇ ಬೇಡ, ನಡೆಯುವಾಗಲೇ ಮುರಿಯಬಹುದು. ಹೊರಮೈಯಿಂದ ಶುರುವಾಗಿ ಅಡ್ಡಡ್ಡ ಸೀಳುತ್ತದೆ. ಚೂರುಚೂರು ಆಗುವುದಿಲ್ಲ. ಎಕ್ಸ್‌ರೇಯಲ್ಲಿ ಆ ಜಾಗ ಹಕ್ಕಿಯ ಕೊಕ್ಕಿನ ಹಾಗೆ ಸ್ವಲ್ಪ ಉಬ್ಬಿರುತ್ತದೆ. ಇದಕ್ಕೆ 'ಎಟಿಪಿಕಲ್' ಮುರಿತ ಅನ್ನುತ್ತಾರೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸುಮಾರು 1,96,000 ಹೆಂಗಸರನ್ನು ಹಿಂಬಾಲಿಸಿದ ಒಂದು ಅಧ್ಯಯನ 2020ರಲ್ಲಿ ಬಂತು. ಇಂಥ ಮುರಿತ ಕಂಡದ್ದು 277 ಜನರಲ್ಲಿ. ಆದರೆ ಬಿಳಿಯರಿಗಿಂತ ಏಷ್ಯಾ ಮೂಲದವರಲ್ಲಿ ಅಪಾಯ ಹತ್ತಿರ ಹತ್ತಿರ ಐದು ಪಟ್ಟು. ಯಾಕೆ? ಉತ್ತರದ ಒಂದು ತುಂಡು ಕೊರಿಯಾ, ಜಪಾನಿನ ಎಕ್ಸ್‌ರೇಗಳಲ್ಲಿ ಸಿಕ್ಕಿತು. ಅಲ್ಲಿನ ಬಹಳ ಅಜ್ಜಿಯರ ತೊಡೆಮೂಳೆ ನೆಟ್ಟಗಿಲ್ಲ, ಮುಂದಕ್ಕೂ ಹೊರಕ್ಕೂ ಧನುಸ್ಸಿನ ಹಾಗೆ ಬಾಗಿದೆ. ಬಿದಿರನ್ನು ಬಗ್ಗಿಸಿದರೆ ಹೊರಮೈ ಮೊದಲು ಸೀಳುತ್ತದೆ ಅಲ್ವಾ, ಹಾಗೇ. ಬಾಗು ಜಾಸ್ತಿ ಇದ್ದವರಲ್ಲಿ ಮುರಿತ ತೊಡೆಯ ನಡುಭಾಗದಲ್ಲಿ, ನೆಟ್ಟಗಿದ್ದವರಲ್ಲಿ ಮೇಲ್ಗಡೆ.

ಆಪರೇಷನ್‌ಗೂ ಇದೇ ತೊಡಕು. ಮುರಿದ ಮೂಳೆ ಹಿಡಿದಿಡಲು ಬೇರೆ ಖಂಡದವರ ಅಳತೆಗೆ ಮಾಡಿದ ಲೋಹದ ರಾಡನ್ನು ಬಾಗಿದ ಮೂಳೆಯೊಳಗೆ ಹೊಡೆದರೆ ತುದಿ ಮುಂದಿನ ಗೋಡೆಗೆ ಒತ್ತುತ್ತದೆ, ಅಥವಾ ಮೂಳೆ ನೆಟ್ಟಗಾಗಿ ಒಳಬದಿಯಲ್ಲಿ ಸಂದು ಬಿಡುತ್ತದೆ, ಕಾಲೂ ಉದ್ದವಾಗುತ್ತದೆ. ಸಂದು ಬಿಟ್ಟರೆ ಕೂಡಿಕೊಳ್ಳುವುದು ತಡ. ಕೊರಿಯಾದ ಸರ್ಜನ್‌ಗಳು ರಾಡನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ, ಅದರ ಬಾಗು ಮೂಳೆಯ ಬಾಗಿಗೆ ಕೂಡುವಂತೆ ಹಾಕುವ ಉಪಾಯ ಬರೆದಿದ್ದಾರೆ. ಸೊಂಟದ ಹತ್ತಿರದ ಮುರಿತಕ್ಕೆ ಹಾಕುವ ಪಿಎಫ್‌ಎನ್‌ಎ ರಾಡಿನ ಎರಡನೇ ರೂಪ ಬಂದದ್ದೂ ಏಷ್ಯಾದವರ ಮೂಳೆಯ ಅಳತೆ ನೋಡಿಯೇ. ನಮ್ಮ ಆಸ್ಪತ್ರೆಗಳಲ್ಲೂ ಅದು ಬಳಕೆಯಲ್ಲಿದೆ. ಅಮ್ಮನ ಡಿಸ್ಚಾರ್ಜ್ ಕಾಗದದಲ್ಲಿ ಆ ಹೆಸರು ಇದ್ದರೂ ಇರಬಹುದು.

ಹೆದರಿ ಮಾತ್ರೆ ನಿಲ್ಲಿಸುವವರಿಗೆ ಅದೇ ಕ್ಯಾಲಿಫೋರ್ನಿಯಾದ ಲೆಕ್ಕ: 10,000 ಏಷ್ಯನ್ ಹೆಂಗಸರು ಮೂರು ವರ್ಷ ತೆಗೆದುಕೊಂಡರೆ 91 ಸೊಂಟದ ಮುರಿತ ತಪ್ಪುತ್ತದೆ, 8 ಎಟಿಪಿಕಲ್ ಮುರಿತ ಆಗುತ್ತದೆ. ಬಿಳಿಯರಲ್ಲಿ 149 ಮತ್ತು 2. ನಮ್ಮವರಿಗೆ ಲಾಭ ಸ್ವಲ್ಪ ಕಡಿಮೆ, ಅಪಾಯ ಸ್ವಲ್ಪ ಜಾಸ್ತಿ, ಆದರೂ ತಕ್ಕಡಿ ಲಾಭದ ಕಡೆಗೇ. ಅಮ್ಮನಿಗೆ ಈ ಮಾತ್ರೆ ಶುರು ಮಾಡಿದರೆ ಒಂದು ವಿಷಯ ಮಾತ್ರ ನೆನಪಿಟ್ಟುಕೊಳ್ಳಿ. ಮುಂದೆ ಯಾವಾಗಲಾದರೂ ತೊಡೆ ಅಥವಾ ತೊಡೆಸಂದಿನಲ್ಲಿ ಕಾರಣವಿಲ್ಲದ ಮಂದ ನೋವು ಬಂದು ಹೋಗದೇ ಇದ್ದರೆ, ವಾಯು ಅಂತ ಎಣ್ಣೆ ತಿಕ್ಕುತ್ತಾ ಕೂರಬೇಡಿ, ಎರಡೂ ತೊಡೆಯ ಎಕ್ಸ್‌ರೇ ತೆಗೆಸಿ.

ಕೊನೆಗೆ ಆರೈಕೆ. ಕೊರಿಯಾದಲ್ಲಿ ಆಪರೇಷನ್ ಆದ ಅಜ್ಜಿಯ ಪಕ್ಕ ಬಹಳ ಸಲ ಕೂಲಿ ಕೊಟ್ಟು ಇಟ್ಟುಕೊಂಡ ಆರೈಕೆಯವರು ಇರುತ್ತಾರೆ, ಆಮೇಲೆ ಯೊಯಾಂಗ್ ಆಸ್ಪತ್ರೆ. ನಿಮ್ಮಲ್ಲಿ ಇರುವುದು ನೀವು ಮತ್ತು ವಾಕರ್. ಅವರ ಲೆಕ್ಕ ಈ ವ್ಯತ್ಯಾಸವನ್ನು ಹೇಳುವುದಿಲ್ಲ. ಆದರೆ ನೆಲದ ವಿಷಯದಲ್ಲಿ ಅವರೂ ನಾವೂ ಒಂದೇ. ಅಲ್ಲಿಯೂ ಬೆಚ್ಚಗಿನ ನೆಲದ ಮೇಲೆ ಕೂತು ಉಣ್ಣುವ, ಮಲಗುವ ರೂಢಿ ಇದೆ. ಚಕ್ಕಳಮಕ್ಕಳ ಹಾಕುವುದಕ್ಕೆ ಅವರು 'ಯಾಂಗ್ಬಾನ್ ದಾರಿ' ಅನ್ನುತ್ತಾರೆ, ಅವರ ಭಾಷೆಯಲ್ಲಿ ದಾರಿ ಅಂದರೆ ಕಾಲು. ಹಳೇ ಕಾಲದ ದೊಡ್ಡ ಮನೆತನದವರ ಕೂರುವ ಭಂಗಿ ಅಂತ. ಹೀಗಾಗಿ 'ಮನೆಗೆ ಹೋದ ಮೇಲೆ ನೆಲದ ಮೇಲೆ ಕೂರಬಹುದಾ' ಅನ್ನುವ ಪ್ರಶ್ನೆ ಅಲ್ಲಿನ ಸರ್ಜನ್‌ಗಳಿಗೂ ದಿನಾ ಬರುತ್ತದೆ. ಉತ್ತರ ಆಪರೇಷನ್ ಯಾವುದು ಅನ್ನುವುದರ ಮೇಲಿದೆ. ರಾಡ್ ಹಾಕಿದ್ದರೆ ಕೀಲು ಅವರದ್ದೇ, ಮೂಳೆ ಕೂಡುವವರೆಗೆ ಕಾಯಬೇಕು. ತೊಡೆಮೂಳೆಯ ತುದಿಯ ಗುಂಡನ್ನು, ಅಂದರೆ ಬಾಲ್ ಬದಲಿಸಿದ್ದರೆ ಕೀಲು ಜಾರುವ ಭಯ ಇರುತ್ತದೆ. ಕೆಳಗೆ ಕೂರುವುದು, ಕುಕ್ಕರಗಾಲು, ಇಂಡಿಯನ್ ಟಾಯ್ಲೆಟ್ ಎಲ್ಲಕ್ಕೂ ಸರ್ಜನ್ನರನ್ನು ಕೇಳಿಯೇ ಮುಂದುವರಿಯಬೇಕು, ಅಲ್ಲಿಯವರೆಗೆ ಕಮೋಡ್ ಕುರ್ಚಿ ತಂದಿಡಿ.

ನಿಮ್ಮ ಪ್ರಶ್ನೆಯಲ್ಲಿ ಯಾವ ಆಪರೇಷನ್ ಅಂತ ಬರೆದಿಲ್ಲ. ಡಿಸ್ಚಾರ್ಜ್ ಕಾಗದದಲ್ಲಿ 'ನೆಕ್' (ಬಾಲಿನ ಕೆಳಗಿನ ಕತ್ತು) ಅಂತಿದೆಯಾ, 'ಇಂಟರ್‌ಟ್ರೋಕ್ಯಾಂಟೆರಿಕ್' (ಕತ್ತಿಗಿಂತ ಸ್ವಲ್ಪ ಕೆಳಗೆ) ಅಂತಿದೆಯಾ ನೋಡಿ. ಬೀಳುವ ಮೊದಲು ಅಮ್ಮ ಎಷ್ಟು ಓಡಾಡುತ್ತಿದ್ದರು ಅನ್ನುವುದನ್ನೂ ಕೆಳಗೆ ಬರೆಯಿರಿ. ಅವರಂಥವರನ್ನೇ ಎಣಿಸಿದ ಅಧ್ಯಯನ ಯಾವುದು ಅಂತ ಹುಡುಕಿ ಹೇಳುತ್ತೇನೆ.