ಓದುಗರ ಪ್ರಶ್ನೆ: ಕಾಸ್ ಬಯಲಿನ ಹೂ ನಮ್ಮ ಹಿತ್ತಲಲ್ಲಿ ಬೆಳೆಯುತ್ತಾ?

ಪ್ರಶ್ನೆ: ಮಳೆಗಾಲ ಮುಗಿಯುತ್ತಿದ್ದಂತೆ ಮಹಾರಾಷ್ಟ್ರದ ಸಾತಾರಾ ಹತ್ತಿರದ ಕಾಸ್ ಪಠಾರದ (ಗುಡ್ಡದ ಮೇಲಿನ ಬಯಲು) ಹೂವಿನ ಫೋಟೊ ವಾಟ್ಸಾಪ್ ತುಂಬಾ ಬರ್ತವೆ. ದಸರಾ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ ಅಂತಿದ್ದೇವೆ. ಆಗ ಹೂ ಇರ್ತವಾ? ನಾಲ್ಕು ಬೀಜ ತಂದು ಹಿತ್ತಲಿಗೆ ಹಾಕಿದರೆ ಬೆಳೆಯುತ್ತವಾ? ನಮ್ಮದು ಒಳ್ಳೆ ಎರೆ ಮಣ್ಣು.
– ಓದುಗರು, ನವಲಗುಂದ

ಉತ್ತರ: ಬೀಜ ತರೋದು ಬೇಡ. ಅದು ರಕ್ಷಿತ ಜಾಗ, 2012ರಲ್ಲಿ ಪಶ್ಚಿಮ ಘಟ್ಟದ ಜೊತೆ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೂ ಸೇರಿದೆ. ಅಷ್ಟೇ ಅಲ್ಲ, ನಿಮ್ಮ ಮಣ್ಣು ಒಳ್ಳೆಯದು ಅನ್ನೋದೇ ಇಲ್ಲಿ ತೊಡಕು. ಕಾಸ್ ಅಂದರೆ ಸುಮಾರು 1,200 ಮೀಟರ್ ಎತ್ತರದಲ್ಲಿ ಹರಡಿಕೊಂಡ ಜಂಬಿಟ್ಟಿಗೆ ಕಲ್ಲಿನ ಹಾಸು. ಮೇಲಿನ ಮಣ್ಣು ತೀರಾ ತೆಳು, ಎಷ್ಟೋ ಕಡೆ ಅದೂ ಇಲ್ಲ. ಜೂನ್‌ನಿಂದ ಹೊಡೆಯುವ ಮಳೆ ಇದ್ದಬದ್ದ ಸತ್ವವನ್ನೂ ತೊಳೆದುಕೊಂಡು ಹೋಗುತ್ತೆ, ನೀರು ಇಂಗದೆ ಕಲ್ಲಿನ ಮೇಲೇ ನಿಲ್ಲುತ್ತೆ, ಬೇಸಿಗೆಯಲ್ಲಿ ಅದೇ ಬಂಡೆ ಕಾದ ಹಂಚು. ಅಲ್ಲಿ ಮರ ಬೇರು ಬಿಡಲ್ಲ. ಗೇಣುದ್ದದ ಗಿಡಗಳು ನೀರಿರುವ ಮೂರು-ನಾಲ್ಕು ತಿಂಗಳಲ್ಲೇ ಹುಟ್ಟಿ, ಹೂಬಿಟ್ಟು, ಬೀಜ ಉದುರಿಸಿ ಕೆಲಸ ಮುಗಿಸಬೇಕು, ಅದಕ್ಕೇ ಎಲ್ಲವೂ ಒಂದರ ಹಿಂದೊಂದು ಅವಸರದಲ್ಲಿ ಅರಳುತ್ತವೆ. ನಿಮ್ಮ ಹಿತ್ತಲಲ್ಲಾದರೆ ಕರಿಕೆ, ಜೇಕಿನಂಥ ಕಳೆಗಳು ಈ ಪುಟ್ಟ ಗಿಡಗಳನ್ನು ತಲೆ ಎತ್ತಲು ಬಿಟ್ಟಾವಾ?

ಅಲ್ಲಿಗೆ ಹೋದರೆ ಯುಟ್ರಿಕ್ಯುಲೇರಿಯಾ ಅನ್ನೋ ಗಿಡವನ್ನು ಕೂತು ನೋಡಿ. ಮರಾಠಿಯವರು ‘ಸೀತೇಚಿ ಆಸವೆ’ ಅಂತಾರೆ. ಉಗುರಿನಷ್ಟು ನೇರಳೆ ಹೂ, ದಾರದಂಥ ದಂಟು, ಎಲೆ ಹುಡುಕಿದರೂ ಸಿಗೋದು ಕಷ್ಟ. ನೋಡಲು ಪಾಪ ಅನಿಸುತ್ತೆ, ಆದರೆ ಬೇಟೆಗಾರ! ಒದ್ದೆ ಮಣ್ಣೊಳಗೆ ಅದಕ್ಕೆ ಸಾಸಿವೆಗಿಂತ ಸಣ್ಣ ಚೀಲಗಳಿವೆ. ನೀರಲ್ಲಿ ಓಡಾಡುವ ಹುಳ ಚೀಲದ ಬಾಯಿಗೆ ತಾಗಿದರೆ ಸಾಕು, ಬಾಗಿಲು ತೆರೆದು ನೀರಿನ ಸಮೇತ ಒಳಗೆ ಎಳೆದುಕೊಳ್ಳುತ್ತೆ. ಮಣ್ಣು ಕೊಡದ ಸಾರಜನಕವನ್ನು ಹುಳದಿಂದ ವಸೂಲಿ ಮಾಡುತ್ತೆ. ಜೊತೆಗೆ ಹಳದಿ ಸ್ಮಿಥಿಯಾ, ಅಂಗಿಯ ಬಿಳಿ ಗುಂಡಿಯಂಥ ಗೇಂದ್, ಗುಲಾಬಿ ಬಣ್ಣದ ತೇರಡಾ ಇರುತ್ತವೆ. ಟೋಪ್ಲಿ ಕಾರ್ವಿ ಮಾತ್ರ ಏಳೆಂಟು ವರ್ಷಕ್ಕೊಮ್ಮೆ, ಅದು ಸಿಕ್ಕರೆ ಅದೃಷ್ಟ.

ದಸರಾ ರಜೆಗೆ ಹೋದರೆ ತಡವಾಗಬಹುದು. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಹೂ ಇರುತ್ತವೆ, ಸೆಪ್ಟೆಂಬರ್ ನಡುವೆ ಜಾಸ್ತಿ. ಒಂದು ಮಾತು ಮೊದಲೇ ಹೇಳಿಬಿಡ್ತೀನಿ, ಆ ಫೋಟೊಗಳನ್ನು ಕ್ಯಾಮೆರಾ ನೆಲಕ್ಕೆ ಹಚ್ಚಿ ತೆಗೆದಿರುತ್ತಾರೆ, ನಿಂತು ನೋಡಿದವರಿಗೆ ಅಷ್ಟು ಬಣ್ಣ ಕಾಣಲ್ಲ. ಶನಿವಾರ, ಭಾನುವಾರ ಸುಮ್ನೆ ಹೋಗಬೇಡಿ, ಜಾತ್ರೆ. ಪಾಸ್ ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಹುಬ್ಬಳ್ಳಿಯಿಂದ ಬೆಳಗಾವಿ, ಕೊಲ್ಲಾಪುರ, ಕರಾಡ ಮೇಲೆ ಸಾತಾರಾ, 300 ಕಿ.ಮೀ. ದಾಟುತ್ತೆ. ಅಲ್ಲಿಂದ ಗುಡ್ಡ ಹತ್ತಲು ಇನ್ನೊಂದು 25 ಕಿ.ಮೀ. ಸೆಲ್ಫಿಗಾಗಿ ಮಕ್ಕಳನ್ನು ಹೂವಿನ ನಡುವೆ ಇಳಿಸಬೇಡಿ. ಬೀಜ ಕಟ್ಟುವ ಮೊದಲೇ ತುಳಿದರೆ ಮುಂದಿನ ವರ್ಷ ಆ ಜಾಗ ಖಾಲಿ.

ಪ್ರಶ್ನೆ: ನಮ್ಮ ಕಪ್ಪತಗುಡ್ಡದಲ್ಲಿ ಹೀಗೆ ಯಾಕೆ ಅರಳೋದಿಲ್ಲ?
– ಓದುಗರು, ಮುಂಡರಗಿ

ಉತ್ತರ: ಮಳೆ ಬೇಕಲ್ಲ! ಗದಗ ಕಡೆ ವರ್ಷಕ್ಕೆ ಬೀಳೋದು 600 ಮಿ.ಮೀ. ಆಸುಪಾಸು. ನಿಮ್ಮ ಗುಡ್ಡದ ಮೇಲೆ ನೀರು ತಿಂಗಳುಗಟ್ಟಲೆ ನಿಲ್ಲೋದೂ ಇಲ್ಲ. ಆದರೆ ಹೂ ಇಲ್ಲ ಅಂತ ಯಾರು ಹೇಳಿದ್ದು? ದೀಪಾವಳಿಗೆ ಸಗಣಿ ಪಾಂಡವರಿಗೆ ಸಿಗಿಸ್ತೀವಲ್ಲ, ಆ ಹೊನ್ನಾವರಿಕೆ ಒಣ ನೆಲದಲ್ಲೇ ಹಳದಿ ಗೊಂಚಲು ಬಿಟ್ಟುಕೊಂಡು ನಿಂತಿರುತ್ತೆ. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮ ಆಗಿದೆ, ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಿ.